ರಂಗಯ್ಯ ತಂದ ಕೂರಿಯಾ

ನನ್ನ ಗಂಡ ರಂಗಯ್ಯ ತೀರಿಕೊಂಡು ಐದು ತಿಂಗಳು. ಕುಣಿಗಲ್ಲಿನಲ್ಲಿ ವ್ಯಾನು ನಿಲ್ಲಿಸಿ ಎದೆ ಹಿಡಿದುಕೊಂಡರು. ಅಷ್ಟೆ. ಅತ್ತು ಅತ್ತು ಸಾಕಾಗಿದೆ. ಇವತ್ತು ಅಳುವುದು ಬೇಡ. ಅವರ ಒಂದು ಭಾನುವಾರದ ಕತೆ ಹೇಳಬೇಕು. ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಾನು ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಕಡೆಯವಳು. ನಾಲ್ಕನೇ ಕ್ಲಾಸು. ಅವರು ಏಳು. ಹೆಬ್ಬೂರಿನ ಪಕ್ಕ ನಮ್ಮೂರು. ತುಮಕೂರಿನಿಂದ ಮೇಷ್ಟ್ರುಗಳನ್ನು ಹತ್ತಿಸಿಕೊಂಡು ಕುಣಿಗಲ್ಲಿಗೆ ಬಿಡುವುದು, ಸಾಯಂಕಾಲ ವಾಪಸ್ ಕರೆತರುವುದು ಅವರ ಕೆಲಸ. ಅದರಲ್ಲಿ ರಘುನಂದನ ಅಂತ ಒಬ್ಬರು ಲೆಕ್ಚರರು, ಇತಿಹಾಸ ಪಾಠ ಮಾಡುವವರು. ಮಿಕ್ಕವರು ಹೆಬ್ಬೂರು ದಾಟುವ ಹೊತ್ತಿಗೆ ಗೊರಕೆ. ಇವರು ಮುಂದಿನ ಸೀಟಿನಲ್ಲಿ ಕೂತು ಮಾತು. ನಮ್ಮವರಿಗೆ ಅನ್ನಕ್ಕಿಂತ ಅದು ಹೆಚ್ಚು.

ಒಂದು ದಿನ ಬಂದವರೇ ಬಾಗಿಲಲ್ಲೇ ಅಂದರು, "ರಾಧಾ, ಇವತ್ತೊಂದು ಪದ ತಂದಿದೀನಿ ಕಣೇ."

"ಸೊಪ್ಪು ಹೇಳಿದ್ದೆ. ತಂದ್ರಾ?"

"ಮರ್ತೆ. ಕೂರಿಯಾ ತಂದಿದೀನಿ."

"ಕೂರೋದಾ?"

"ಅದಕ್ಕೂ ಇದಕ್ಕೂ ಸಂಬಂಧ ಇಲ್ವಂತೆ. ರೋಮ್ ಅಂತ ದೇಶ, ಲ್ಯಾಟಿನ್ ಅಂತ ಭಾಷೆ. ಎರಡು ಸಾವಿರ ವರ್ಷಕ್ಕಿಂತ ಹಳೇದು."

ಸೊಪ್ಪಿಲ್ಲದ ಸಾರಿನಲ್ಲಿ ಮುದ್ದೆ ನುಂಗುತ್ತಾ ಕತೆ ಶುರು ಮಾಡಿದರು. ಕುಣಿಗಲ್ ಬಂದ ಕೂಡಲೇ ಲೆಕ್ಚರರು ಇಳಿದುಬಿಡುತ್ತಿದ್ದರು. ಹಾಗಾಗಿ ಆ ಪದದ ಕತೆ ಮನೆಗೆ ದಿನಕ್ಕಿಷ್ಟು ಬರುತ್ತಿತ್ತು. ನಾನೂ ಕಾಯುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ಮೊದಲು ಕೂರಿಯಾ ಅಂದರೆ ಜನ. ರೋಮಿನ ಮನೆತನಗಳನ್ನು ಗುಂಪು ಗುಂಪು ಮಾಡಿದ್ದರಂತೆ. ಒಂದೊಂದು ಗುಂಪೂ ಒಂದೊಂದು ಕೂರಿಯಾ. ಹಬ್ಬದಲ್ಲಿ ಒಟ್ಟಿಗೆ ಕೂತು ಉಣ್ಣೋರು. ಆಮೇಲೆ ಆ ಜನ ಸೇರುವ ಮನೆಗೇ ಆ ಹೆಸರು ಬಂತು. ಆಮೇಲೆ ದೇಶದ ಹಿರಿಯರು ಸಭೆ ಮಾಡುವ ದೊಡ್ಡ ಕಟ್ಟಡಕ್ಕೆ. ಆಮೇಲೆ ಸಣ್ಣಪುಟ್ಟ ಪಟ್ಟಣಗಳ ಆಡಳಿತ ಮಂಡಳಿಗೂ ಅದೇ ಹೆಸರು. ಕೊನೆಕೊನೆಗೆ ವಸೂಲಾಗದ ಕಂದಾಯವನ್ನು ಆ ಮಂಡಳಿಯವರೇ ಕೈಯಿಂದ ಕಟ್ಟಬೇಕಾಯಿತಂತೆ. ಅದಕ್ಕೆ ಸೀಟು ಬೇಡ ಅಂತ ಊರು ಬಿಟ್ಟು ಓಡಿಹೋಗುತ್ತಿದ್ದರಂತೆ.

"ನಮ್ಮೂರಲ್ಲಿ ಸೀಟಿಗೆ ತಲೆ ಒಡ್ಕೊಳ್ತಾರೆ, ಅಲ್ಲಿ ಸೀಟು ನೋಡಿ ಓಟ!" ಅಂತ ತಟ್ಟೆ ಬಡಿದು ನಕ್ಕರು.

ಇನ್ನೊಂದು ದಿನ ಅದು ರಾಜರ ದರ್ಬಾರಾಯಿತು, ಕೋರ್ಟಾಯಿತು. ಈಗಲೂ ರೋಮಿನಲ್ಲಿ ಕ್ರೈಸ್ತರ ದೊಡ್ಡ ಗುರು ಪೋಪ್ ಇದ್ದಾರಲ್ಲ, ಅವರ ಆಡಳಿತಕ್ಕೆ ಕೂರಿಯಾ ಅಂತಲೇ ಹೆಸರಂತೆ. ಕಡೆಯ ದಿನ ಅಂದರು, "ಅದರ ಬೇರು ಏನು ಗೊತ್ತಾ? ಗಂಡಸ್ರು ಒಟ್ಟಿಗೆ ಇರೋದು ಅಂತ. ಖಾತ್ರಿ ಇಲ್ಲ, ಕೆಲವರು ಹಂಗಂತಾರೆ ಅಷ್ಟೆ ಅಂದ್ರು ಲೆಕ್ಚರರು."

ನಾನು ತಟ್ಟನೆ ಅಂದೆ, "ಹಂಗಾದ್ರೆ ನಮ್ಮ ಹಾಲಿನ ಸಂಘ ಕಣ್ರೀ ಅದು."

ನಮ್ಮೂರಿನದು ಮಹಿಳಾ ಹಾಲಿನ ಸಂಘ. ನಿರ್ದೇಶಕರು ಒಂಬತ್ತು ಜನ, ಒಂಬತ್ತೂ ಹೆಂಗಸರು. ಅದರಲ್ಲಿ ನಾನೂ ಒಬ್ಬಳು. ಮೀಟಿಂಗಿಗೆ ಹೋಗಿ ಕೂರುತ್ತಿದ್ದವರು ಮಾತ್ರ ಗಂಡಸರು. ನನ್ನ ಕುರ್ಚಿಯಲ್ಲಿ ಇವರು. ಅಧ್ಯಕ್ಷೆ ಗಂಗಾಂಬಿಕೆ ಕುರ್ಚಿಯಲ್ಲಿ ಅವಳ ಗಂಡ ಬಸವಪ್ರಭು. ಮುದುಕಿ ಪುಟ್ಟತಾಯಮ್ಮನ ಕುರ್ಚಿಯಲ್ಲಿ ಅವಳ ಮಗ. ಅವರು ತೀರ್ಮಾನ ಬರೆಯುವುದು. ಸಾಯಂಕಾಲ ನಾವು ಹಾಲು ಹಾಕಲು ಸಾಲು ನಿಂತಾಗ ಪುಸ್ತಕ ಬರುವುದು. ಕ್ಯಾನಿನ ಮುಚ್ಚಳದ ಮೇಲೆ ಇಟ್ಟುಕೊಂಡು ನಾವು ಸೈನು ಹಾಕುವುದು. ಏನು ಬರೆದಿದೆ ಅಂತ ಯಾರೂ ಕೇಳುತ್ತಿರಲಿಲ್ಲ.

ನನ್ನ ಮಾತಿಗೆ ಇವರು ನೆತ್ತಿಗೆ ಹತ್ತುವಷ್ಟು ನಕ್ಕರು. ನೀರು ಕುಡಿದರು. 

ಆ ವಾರವೇ ಸುದ್ದಿ ಬಂತು. ಸಂಜೆ ಹಾಲು ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತಾರಂತೆ. ಬೆಳಿಗ್ಗೆ ಮಾತ್ರವಂತೆ. ಸಂಜೆ ಹಾಲು ಕಮ್ಮಿ, ಖರ್ಚು ಜಾಸ್ತಿ ಅಂತ ಬಸವಪ್ರಭು ಹೇಳಿಕೊಂಡು ತಿರುಗುತ್ತಿದ್ದ. ಸಂಜೆ ಕರೆದದ್ದನ್ನು ಬೆಳಗಿನವರೆಗೆ ಇಟ್ಟರೆ ಕೆಡುತ್ತದೆ. ಕೆಟ್ಟ ಹಾಲನ್ನು ಸಂಘದವರು ಮುಟ್ಟುವುದಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಎರಡು ಹಸು. ಒಂದೇ ಹೊತ್ತಿನ ಹಾಲಿನಲ್ಲಿ ಎರಡಕ್ಕೂ ಹಿಂಡಿ ಹೊಂದುವುದಿಲ್ಲ. ಒಂದನ್ನು, ಗೌರಿಯನ್ನು, ಮಾರಬೇಕಾಗುತ್ತಿತ್ತು. ಕರುವಿನಿಂದ ನಾನು ಕೈಯಾರೆ ಸಾಕಿದ ಹಸು ಅದು.

ಭಾನುವಾರ ಹನ್ನೊಂದಕ್ಕೆ ಮೀಟಿಂಗ್. ಇವರು ಇಸ್ತ್ರಿ ಶರಟು ಹಾಕಿಕೊಂಡು ಹೋದರು. ನಾನು ಒಗ್ಗರಣೆ ಹಾಕುವಷ್ಟರಲ್ಲಿ ವಾಪಸ್.

"ಏನ್ರೀ, ಇಷ್ಟ್ ಬೇಗ?"

"ಎದ್ದು ಬಂದೆ. ಎಲ್ರೂ ಸಂಜೆ ಹಾಲು ಬೇಡ ಅಂತಾವ್ರೆ. ಬಸವಪ್ರಭು, ನೀನು ಡೈರೆಕ್ಟ್ರಾ ಅಂದೆ. ಇಲ್ಲ, ನಮ್ಮನೆಯೋಳು ಅಂದ. ನಾನೂ ಅಲ್ಲ ಕಣಪ್ಪ, ನಮ್ಮನೆಯೋಳೇ. ಈ ರೂಮಲ್ಲಿ ಡೈರೆಕ್ಟ್ರು ಒಬ್ರೂ ಇಲ್ಲ, ತೀರ್ಮಾನ ಹೆಂಗ್ಲಾ ಮಾಡ್ತೀರಿ ಅಂದೆ."

"ಅದಕ್ಕೆ?"

"ರಂಗಂಗೆ ಬಿಸ್ಲು ಹೊಡ್ದದೆ, ಮಜ್ಜಿಗೆ ಕೊಡ್ರೋ ಅಂದ್ರು."

"ಈಗೇನ್ ಗತಿ?"

"ಕೂರಿಯಾ ಅಂದ್ರೆ ಮೊದ್ಲು ಜನ ಕಣೇ, ಆಮೇಲೆ ತಾನೇ ಮನೆ? ಒಂಬತ್ತು ಜನಾನೂ ಸಂಜೆ ಸಾಲಲ್ಲಿ ಇರ್ತೀರಲ್ಲ. ರೂಮು ಬುಡು. ಅಲ್ಲೇ ಮೀಟಿಂಗ್ ಮಾಡಿ."

"ನಾನಾ?"

"ಮತ್ತೆ ನಾನಾ? ನಾನು ಡೈರೆಕ್ಟ್ರಲ್ಲ."

ಸಂಜೆಯಾಯಿತು. ಎಲ್ಲರೂ ಕ್ಯಾನು ಹಿಡಿದು ನಿಂತೆವು. ಇವರು ರಸ್ತೆಯ ಆಚೆ ವ್ಯಾನಿಗೆ ಒರಗಿ, ಕೈಕಟ್ಟಿ ನಿಂತರು. ಬಸವಪ್ರಭು ಪುಸ್ತಕ ತಂದ. ನನ್ನ ಮುಚ್ಚಳದ ಮೇಲೆ ಇಟ್ಟು, "ಹಾಕಮ್ಮ" ಅಂದ.

 "ಓದಿ ಅಣ್ಣ. ಕೇಳಿ ಹಾಕ್ತೀನಿ" ಅಂದೆ.

"ಇದೇನ್ ಹೊಸದು? ಎಂದಾದ್ರೂ ಓದಿದ್ದುಂಟಾ?"

ಹಿಂದಿನಿಂದ ಪುಟ್ಟತಾಯಮ್ಮ, "ನಂಗೆ ಕಣ್ಣು ಕಾಣಲ್ಲ, ಕಿವಿ ಕೇಳ್ತದೆ. ಓದಪ್ಪೋ!" ಅಂದಳು.

ಓದಿದ. ಮುಂದಿನ ತಿಂಗಳಿಂದ ಸಂಜೆ ಹಾಲು ಬಂದ್ ಎಂದು ನಿರ್ದೇಶಕರೆಲ್ಲರೂ ಒಮ್ಮತದಿಂದ ತೀರ್ಮಾನಿಸಿದ್ದಾರೆ ಅಂತ ಇತ್ತು.

"ಯಾವ ನಿರ್ದೇಶಕ್ರಪ್ಪ? ನಾನು ಕಳೆ ಕೀಳ್ತಾ ಇದ್ನಲ್ಲ!" ಅಂದಳು ಪುಟ್ಟತಾಯಮ್ಮ.

"ನಿನ್ ಮಗ ಒಪ್ಪವ್ನೆ."

"ಅವ್ನು ಹಾಲು ಕರೀತಾನಾ? ಹಸು ಹತ್ರ ಹೋದ್ರೆ ಒದೆಸ್ಕೊಂಡು ಬತ್ತಾನೆ!"

ಸಾಲು ಗೊಳ್ಳೆಂದಿತು. ಅರಳಿಕಟ್ಟೆಯ ಮೇಲಿದ್ದವನೊಬ್ಬ ನಮ್ಮವರನ್ನು ಕೆಣಕಿದ, "ಏನ್ಲಾ ರಂಗ, ಹೆಂಡ್ರನ್ನ ಮುಂದೆ ಬಿಟ್ಟು ಹಿಂದೆ ನಿಂತಿದೀಯ?"

"ಅವಳ ಸೀಟು ಅವಳಿಗೆ ಕೊಟ್ಟೆ ಕಣೋ, ನಿಂಗ್ಯಾಕ್ ಉರಿ?" ಅಂದರು. ನಿಂತಲ್ಲಿಂದ ಕದಲಲಿಲ್ಲ.

ನನಗೆ ಧೈರ್ಯ ಬಂತು. "ನಿರ್ದೇಶಕರು ಒಂಬತ್ತೂ ಜನ ಇಲ್ಲೇ ಇದೀವಿ. ಇದೇ ಮೀಟಿಂಗು. ಸಂಜೆ ಹಾಲು ಬೇಕು ಅನ್ನೋರು ಕ್ಯಾನು ಎತ್ರಿ!" ಅಂತ ಕೂಗಿ ನನ್ನದನ್ನು ಎತ್ತಿದೆ.

ಪುಟ್ಟತಾಯಮ್ಮ ಎತ್ತಿದಳು. ಮುಚ್ಚಳ ಜಾರಿ ಹಾಲು ಚೆಲ್ಲಿತು. ಅವಳು ಇಳಿಸಲಿಲ್ಲ. ಇನ್ನಿಬ್ಬರು ಎತ್ತಿದರು. ನಾಲ್ಕಾಯಿತು. ಇನ್ನೊಂದು ಬೇಕು. ಉಳಿದವರೆಲ್ಲ ಅಧ್ಯಕ್ಷೆ ಗಂಗಾಂಬಿಕೆಯ ಮುಖ ನೋಡುತ್ತಿದ್ದರು. ಗಂಗಾಂಬಿಕೆ ಗಂಡನ ಮುಖ ನೋಡುತ್ತಿದ್ದಳು. 

"ಗಂಗಾ, ಸೈನ್ ಹಾಕು. ಹೊತ್ತಾಯ್ತು" ಅಂದ ಬಸವಪ್ರಭು.

ಅವಳು ಮೆಲ್ಲಗೆ ಕೇಳಿದಳು, "ರೀ, ಸಂಜೆ ಹಾಲು ಕೊಡೋದನ್ನ ಹಸುಗೆ ನೀವು ಬಿಡಿಸ್ತೀರಾ?"

  ಗಂಗಾಂಬಿಕೆಯ ಕ್ಯಾನು ಮೇಲೆ ಹೋಯಿತು. ಅದರ ಹಿಂದೆ ಮಿಕ್ಕ ನಾಲ್ಕೂ ದಡದಡ ಎದ್ದವು. ಏನು ಕೂಗು, ಏನು ನಗು! ಅಲ್ಲೇ ಕ್ಯಾನಿನ ಮುಚ್ಚಳದ ಮೇಲೆ ಹಾಲು ಅಳೆಯುತ್ತಿದ್ದ ಸಂಘದ ಕಾರ್ಯದರ್ಶಿ ಹುಡುಗಿ ಬೇರೆ ತೀರ್ಮಾನ ಬರೆದಳು. ಜೋರಾಗಿ ಓದಿದಳು. ಸೈನು ಹಾಕಿದೆವು. ಆಮೇಲೆ ಹಾಲು ಹಾಕಿದೆವು.

ನಾನು ಬರುವಷ್ಟರಲ್ಲಿ ಇವರು ನನಗಿಂತ ಮುಂದೆ ಮನೆ ಸೇರಿದ್ದರು. ಕೊಟ್ಟಿಗೆಯಲ್ಲಿದ್ದರು. ಇಸ್ತ್ರಿ ಶರಟು ಇನ್ನೂ ಮೈ ಮೇಲಿತ್ತು. ಗೌರಿಯ ಕತ್ತಿನ ಗಂಗೆದೊಗಲು ನೀವುತ್ತಾ, "ನೀನೆಲ್ಲೂ ಹೋಗಲ್ಲ ಕಣೇ. ರಾಧಾ ಕ್ಯಾನು ಎತ್ತಿ ನಿನ್ನ ಉಳಿಸ್ಕೊಂಡ್ಲು" ಅನ್ನುತ್ತಿದ್ದರು. ನನ್ನನ್ನು ನೋಡಿ ಹಿಂಡಿ ಕಲಸಲು ಹೋದರು. ನನ್ನ ಮುಂದೆ ಅಂಥ ಮಾತು ಎಂದೂ ಆಡಿದವರಲ್ಲ. ಹಸುವಿಗೆ ಹೇಳಿದರು. ನಾನು ಕೇಳಿಸಿಕೊಂಡೆ.