ಹೆಬ್ಬೆರಳಿಗೆ ಕಚ್ಚಿದ ಕತ್ತರಿ

ಇದನ್ನು ಬರೆದವನಿಗೆ ಒಂದು ಭ್ರಮೆಯಿತ್ತು. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುತ್ತಲೇ ಹೋಗಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರೆ, ಹಿರಿಯ ಕ್ಷೌರಿಕ ಇವನ ಅರೆಬೋಳು ತಲೆಗೆ ಒಂದು ಗಂಟೆ ತೆಗೆದುಕೊಳ್ಳುತ್ತಿದ್ದ. ಎರಡು ಸಲ ಕತ್ತರಿ ಆಡಿಸುವುದು, ನಿಲ್ಲುವುದು, ಉಸಿರು ಬಿಡುವುದು. ಪತ್ರಿಕೆಗೆ ಬರೆಯುವ ತಲೆಯಲ್ಲವೇ, ಮರ್ಯಾದೆಯಿಂದ ಮುಟ್ಟುತ್ತಾನೆ ಎಂದುಕೊಂಡು ಇವನು ಕತ್ತನ್ನು ಇನ್ನಷ್ಟು ನೆಟ್ಟಗೆ ಮಾಡುತ್ತಿದ್ದ.

ಕ್ಷೌರಿಕನ ಧ್ಯಾನವೆಲ್ಲ ತನ್ನ ಮಣಿಕಟ್ಟಿನ ಮೇಲೆ. ನಿದ್ದೆಯಿಂದ ಎದ್ದರೆ ಭುಜ, ತೊಡೆಸಂದು ಮರಗಟ್ಟಿರುತ್ತಿದ್ದವು. ಹೆಂಡತಿಯೇ ಅಂಗಿ ತೊಡಿಸಬೇಕು. ಕೈ ಊದಿ ಮುಷ್ಟಿ ಕಟ್ಟಲಾಗದು. ಡಾಕ್ಟರು "ಪಾಲಿಮಯಾಲ್ಜಿಯಾ ರುಮ್ಯಾಟಿಕಾ" ಎಂದಾಗ, "ನನ್ನಂಥೋನ ಮನೆಗೆ ಇಷ್ಟುದ್ದ ಹೆಸರಿನ ನೆಂಟರು ಯಾಕೆ ಬಂದ್ರೋ" ಎಂದಿದ್ದ. ಸ್ಟೆರಾಯ್ಡ್ ಮಾತ್ರೆ ನುಂಗಿದ ಮೇಲೆ ಭುಜ, ಕೈ ಸಡಿಲಾದವು, ಮುಖ ಬಲೂನಾಯಿತು. ಗಿರಾಕಿಗಳು "ಏನ್ ಕಳೆ ಬಂದಿದೆ ನಿಮಗೆ!" ಎಂದರು. ಡಾಕ್ಟರು ಮಾತ್ರೆ ಇಳಿಸಿದಂತೆ ಕಳೆಯೂ ಇಳಿಯಿತು, ಕೈನೋವು ಮಾತ್ರ ತವರಿಗೆ ಬಂದಂತೆ ವಾಪಸು ಬಂತು.

ಆದರೂ ಕುರ್ಚಿ ಬಿಡಲಿಲ್ಲ. ಅಂಗಡಿ ಅವನದು; ಪಕ್ಕದ ಕುರ್ಚಿಯ ಭಾವಮೈದುನನಿಗೆ ಬಾಚಣಿಗೆ ಹಿಡಿಯಲು ಕಲಿಸಿದವನೂ ಅವನೇ. ಒಂದು ಬೆಳಿಗ್ಗೆ ಕತ್ತರಿ ಜಾರಿ ಗಿರಾಕಿಯೊಬ್ಬನ ಕಿವಿಯಂಚಿಗೆ ತಾಗಿತು. ರಕ್ತ ಕಂಡದ್ದೇ ಆ ಗಿರಾಕಿ ಕೊರಳಿನ ಬಟ್ಟೆ ಕಿತ್ತೆಸೆದು ಹೊರಟುಹೋದ.

"ಭಾವ, ಇನ್ಮೇಲೆ ನೀವು ಗಲ್ಲಾದಲ್ಲಿ ಕೂತ್ಕೊಳ್ಳಿ. ಯಜಮಾನ್ರ ಥರ," ಎಂದ ಭಾವಮೈದುನ.

"ಕತ್ತರಿ ಕಿತ್ಕೊಂಡ ಮೇಲೆ ಎಂಥ ಯಜಮಾನ ಕಣೋ?"

"ನಾನ್ಯಾಕೆ ಕಿತ್ಕೊಳ್ಳಲಿ? ನೀವೇ ಕೊಡಿ."

ಕೊಡಲು ಹೋದ. ಬರಲಿಲ್ಲ. ಊದಿದ ಹೆಬ್ಬೆರಳು ಕತ್ತರಿಯ ಬಳೆಯಲ್ಲಿ ಸಿಕ್ಕಿಕೊಂಡಿತ್ತು. ಭಾವಮೈದುನ ಗಡ್ಡದ ಸೋಪಿನ ನೊರೆ ಬಳಿದು, ಮೆಲ್ಲಗೆ ತಿರುಗಿಸಿ ತಿರುಗಿಸಿ ಎಳೆದ.

"ನೊರೆ ತೆಳುವಾಯ್ತು. ಇಷ್ಟು ವರ್ಷ ಇದನ್ನೇನಾ ಕಲಿತಿದ್ದು?" ಎಂದು ಹಿರಿಯ ಕ್ಷೌರಿಕ ಹಲ್ಲು ಕಚ್ಚಿದ. ಕತ್ತರಿ ಬಂತು. ಬೆರಳಿನ ಚರ್ಮವೂ ಒಂಚೂರು ಬಂತು.

ಮುಂದಿನ ಸಲ ಬರಹಗಾರ ಹೋದಾಗ ಕಿಟಕಿ ಪಕ್ಕದ ಕುರ್ಚಿಯ ಹಿಂದೆ ನಿಂತಿದ್ದವನು ಭಾವಮೈದುನ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೆಲಸ ಮುಗಿಸಿದ. ಇವನಿಗೆ ಅವಮಾನವಾಯಿತು. ಗಲ್ಲಾದಲ್ಲಿ, ತೊಡೆಯ ಮೇಲೆ ಕೈಗಳನ್ನು ಬೇರೆಯವರ ಸಾಮಾನಿನಂತೆ ಇಟ್ಟುಕೊಂಡು ಕೂತಿದ್ದ ಹಿರಿಯನನ್ನು ಕೇಳಿದ: "ನೀವಾಗಿದ್ರೆ ಒಂದು ಗಂಟೆ ತಗೋತಿದ್ರಿ. ನನ್ನ ತಲೆ ಅಂದ್ರೆ ನಿಮಗೆ ಅಷ್ಟು ಗೌರವ, ಅಲ್ವಾ?"

"ಬೆಳಿಗ್ಗೆ ಹೊತ್ತು ಕೈ ಮಡಚ್ತಿರಲಿಲ್ಲ ಸಾರ್. ಕುರಿ ಬಂದು ಕೂತಿದ್ರೂ ಅಷ್ಟೇ ಹೊತ್ತು ಹಿಡೀತಿತ್ತು."