ಪಾಲಮ್ಮನ ಕೈಯಲ್ಲಿ ಫೇಲಾದ ಮಣ್ಣು

ಪಾಲಮ್ಮನ ಕೆಲಸವೆಂದರೆ ಗುಂಡಿಗೆ ನೀರು ಸುರಿದು, ಅದು ಇಳಿಯುವುದನ್ನು ನೋಡುತ್ತ ಕೂರುವುದು. ಇದಕ್ಕೂ ಕೂಲಿ ಕೊಡುವವರಿದ್ದಾರೆಂದು ಮೊದಲು ಅವಳ ಮನೆಯವರೇ ನಂಬಿರಲಿಲ್ಲ. ಚಳ್ಳಕೆರೆಯ ಇಂಜಿನಿಯರ್ ಗಂಗರಾಜು ಕಟ್ಟಿಸಿದ ನಾಲ್ಕು ಮನೆಗಳ ಪಾಯಿಖಾನೆ ಗುಂಡಿಗಳು ಒಂದೇ ಮಳೆಗಾಲದಲ್ಲಿ ಬೀದಿಗೆ ಉಕ್ಕಿದ್ದವು. ಅಂದಿನಿಂದ, ಮಣ್ಣು ನೀರು ಕುಡಿಯುತ್ತದೋ ಇಲ್ಲವೋ ನೋಡದೆ ಅವನು ನಕ್ಷೆಗೆ ಸಹಿ ಹಾಕುತ್ತಿರಲಿಲ್ಲ. ಬಿಸಿಲಲ್ಲಿ ಕೂತು ನೋಡುವ ತಾಳ್ಮೆ ಅವನಿಗಿರಲಿಲ್ಲ. ಇಪ್ಪತ್ತು ವರ್ಷ ಬಾವಿ, ಚೆಕ್‌ಡ್ಯಾಮು ಎಂದು ಮಣ್ಣು ಹೊತ್ತ ಪಾಲಮ್ಮನಿಗಿತ್ತು.

ತೋಳುದ್ದದ ಗುಂಡಿ ತೋಡಿ, ಒಂದು ದಿನವೆಲ್ಲ ನೆನೆಸಿ, ಮರುದಿನ ಮತ್ತೆ ತುಂಬಿ, ಸ್ಕೇಲು ಇಳಿಬಿಟ್ಟು, ಮೊಬೈಲಿನಲ್ಲಿ ಹೊತ್ತು ನೋಡುವಳು. ಅರ್ಧ ಗಂಟೆಗೆ ಒಂದು ಸೆಂಟಿಮೀಟರಾದರೂ ಇಳಿಯಬೇಕು. ಇಳಿದಷ್ಟನ್ನೇ ಬರೆಯುವಳು.

ತಳಕಿನಲ್ಲಿ ಮನೆ ಕಟ್ಟಲು ಹೊರಟಿದ್ದ ಜಯದೇವಪ್ಪ ಮೂವತ್ತನಾಲ್ಕು ವರ್ಷ ಲೆಕ್ಕ ಕಲಿಸಿ ನಿವೃತ್ತರಾದ ಮೇಷ್ಟ್ರು. ಅವರದು ಅಂಟು ಅಂಟಾದ ಎರೆಮಣ್ಣು. ಅರ್ಧ ಗಂಟೆ ಕಳೆದರೂ ನೀರು ಎರಡೇ ಗೆರೆ ಇಳಿದಿತ್ತು.

“ಅಂದ್ರೆ ನಮ್ಮ ಮಣ್ಣು ಫೇಲಾ?” ಮೇಷ್ಟ್ರ ಮುಖ ಕಪ್ಪಿಟ್ಟಿತು.

“ನೀರು ಇಳೀಲಿಲ್ಲ ಮೇಷ್ಟ್ರೆ, ಅಷ್ಟೇಯ.”

“ಗ್ರೇಸ್ ಮಾರ್ಕ್ಸ್ ಏನಾದ್ರೂ ಐತಾ?”

ಕಾಫಿ ತಂದಿದ್ದ ಅವರ ಹೆಂಡತಿ ರಾಧಮ್ಮ ಲೋಟ ಕೆಳಗಿಟ್ಟು ನಕ್ಕರು. “ಒಂದು ಮಾರ್ಕ್ಸಿಗೆ ಎಷ್ಟು ಮಕ್ಕಳನ್ನ ಅದೇ ಕ್ಲಾಸಲ್ಲಿ ಕೂರಿಸಿದ್ರಿ ನೀವು!”

ಮೇಷ್ಟ್ರು ಅಂದು ಊಟ ಮಾಡಲಿಲ್ಲವಂತೆ. ವಾರದ ಮೇಲೆ ಮರುಪರೀಕ್ಷೆಗೆ ಪಾಲಮ್ಮನಿಗೆ ಫೋನು ಬಂತು. ಅವರೇ ಜಾಗ ತೋರಿಸಿದರು, ಅವರೇ ಗುಂಡಿಯನ್ನೂ ತೋಡಿಸಿಟ್ಟಿದ್ದರು. ಪಾಲಮ್ಮ ಒಂದು ಕೊಡ ಸುರಿದು ಮೊಬೈಲು ಒತ್ತುವಷ್ಟರಲ್ಲಿ ನೀರು ಮಾಯ. ಇನ್ನೊಂದು ಕೊಡ, ಅದೂ ಮಾಯ.

“ಡಿಸ್ಟಿಂಕ್ಷನ್!” ಎಂದು ಮೇಷ್ಟ್ರು ಚಪ್ಪಾಳೆ ತಟ್ಟಿದರು.

ಪಾಲಮ್ಮ ಬೋರಲು ಮಲಗಿ ಗುಂಡಿಗೆ ಕೈಯಿಳಿಸಿ ಬಗೆದಳು. ಬೊಗಸೆ ತುಂಬ ಹಳ್ಳದ ಮರಳು ಬಂತು, ಜೊತೆಗೊಂದು ಬಸವನಹುಳದ ಚಿಪ್ಪು. ಅವಳಿಗೆ ನಗುವೂ ಬಂತು, ಅಯ್ಯೋ ಅಂತಲೂ ಅನ್ನಿಸಿತು.

“ನಿಮ್ಮ ಮಣ್ಣು ಕಾಪಿ ಹೊಡದೈತೆ ಮೇಷ್ಟ್ರೆ.”

ಹಿಂದಿನ ದಿನ ಅಲ್ಲಿ ಆಳಕ್ಕೆ ಅಗೆಸಿ, ಒಂದು ಟ್ರ್ಯಾಕ್ಟರ್ ಮರಳು ತುಂಬಿಸಿ, ಮೇಲೆ ಎರೆಮಣ್ಣು ಮುಚ್ಚಿಸಿದ್ದು ಮೇಷ್ಟ್ರೇ.

“ಹಿಂಗೆ ಸರ್ರಂತ ಇಳಿದ್ರೂ ಫೇಲೇ. ಗಲೀಜೆಲ್ಲ ಹಂಗೇ ಬೋರಿಗೆ ಹೋಗ್ತೈತೆ. ಆಮೇಲೆ ಅದನ್ನೇ ಕುಡೀಬೇಕು ನೀವು.”

“ಡಿಬಾರಾ ಹಂಗಾದ್ರೆ?” ಅವರ ದನಿ ಎಷ್ಟು ಸಣ್ಣಗಾಗಿತ್ತೆಂದರೆ ಪಾಲಮ್ಮನಿಗೆ ತಡೆಯಲಾಗಲಿಲ್ಲ. ಸೆರಗು ಬಿಗಿದು ನಿವೇಶನದ ಉದ್ದಗಲಕ್ಕೂ ಆರು ಗುಂಡಿ ತೋಡಿದಳು. ಮರುದಿನ ಒಂದೊಂದರ ಮುಂದೆಯೂ ಕೂತಳು. ಐದರಲ್ಲಿ ನೀರು ಕನ್ನಡಿಯಂತೆ ನಿಂತಿತು. ಆರನೆಯದರಲ್ಲಿ ಕೆಂಪು ಗರಸು ಮಣ್ಣು ಸಿಕ್ಕಿತ್ತು. ಮೂರು ಸಲ ಅಳೆದರೂ ಒಂದೂವರೆ ಸೆಂಟಿಮೀಟರ್, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಆದರೆ ಅದು ಈಶಾನ್ಯ ಮೂಲೆ. ನಕ್ಷೆಯಲ್ಲಿ ಅಲ್ಲಿದ್ದದ್ದು ದೇವರ ಮನೆ.

“ದೇವಮೂಲೆಯಾಗೆ ಪಾಯಿಖಾನೆನಾ?” ಮೇಷ್ಟ್ರು ಎದೆ ಹಿಡಿದುಕೊಂಡರು.

ರಾಧಮ್ಮ ಹೆಚ್ಚು ಯೋಚಿಸಲಿಲ್ಲ. “ದೇವರು ಎಲ್ಲಿ ಕೂರ್ಸಿದ್ರೂ ಕೂರ್ತಾನೆ. ನೀರು ಕೂರಂಗಿಲ್ಲ, ಉಕ್ಕಿ ಬೀದಿಗೆ ಬರ್ತೈತೆ. ಮನೇನೇ ತಿರುಗ್ಸಿರಿ.”

ಗಂಗರಾಜು ನಕ್ಷೆಯಲ್ಲಿ ಮನೆಯನ್ನೇ ತಿರುಗಿಸಿದ. ಮುಂಬಾಗಿಲು ಹಿತ್ತಲಿಗೆ ಹೋಗಿ ಪಕ್ಕದವರ ಎಮ್ಮೆ ಕೊಟ್ಟಿಗೆಗೆ ಮುಖ ಮಾಡಿತು. ಬೀದಿಗೆ ಅಡುಗೆಮನೆಯ ಕಿಟಕಿ ಬಂತು.

ಗೃಹಪ್ರವೇಶಕ್ಕೆ ಪಾಲಮ್ಮನಿಗೂ ಕರೆಯಿತ್ತು. ಮೇಷ್ಟ್ರು ಬಂದವರಿಗೆಲ್ಲ ಗುಂಡಿಯ ಅಂಕಪಟ್ಟಿಯನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ಗುಂಡಿಯ ಮೇಲಿನ ಚಪ್ಪಡಿಯನ್ನು ತೊಳೆಸಿ ರಂಗೋಲಿಯನ್ನೂ ಹಾಕಿಸಿದ್ದರು. ಮೊಳಕಾಲ್ಮೂರಿನಿಂದ ಬಂದ ರಾಧಮ್ಮನ ಚಿಕ್ಕಮ್ಮನಿಗೆ ಇದ್ಯಾವುದೂ ತಿಳಿಯದು. ಈಶಾನ್ಯ ಮೂಲೆ, ಮೇಲೆ ರಂಗೋಲಿ. ಅವರು ಚಪ್ಪಲಿ ಬಿಟ್ಟು ಚಪ್ಪಡಿಯ ಮೇಲೆ ಎರಡು ಬಾಳೆಹಣ್ಣಿಟ್ಟು, ಊದುಬತ್ತಿ ಹಚ್ಚಿ, ಕಣ್ಮುಚ್ಚಿ ಕೈಮುಗಿದರು. ಪಾಲಮ್ಮ ಹೇಳಿಬಿಡೋಣವೆಂದು ಎರಡು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಎರಡನೇ ಪಂಕ್ತಿಗೆ ಕರೆದರು. ಅವಳು ಹೋಗಿ ಕೂತಳು.