ಹೇಳಿ ಹೋದ ಪುಟ್ಟಗೌರಮ್ಮ

ಮೂವತ್ತೊಂದು ವರ್ಷ ಕಂದಿಕೆರೆ ಸುತ್ತಿನ ಹಳ್ಳಿಗಳಿಗೆ ಟಪಾಲು ಹಂಚಿದವನು ನಾನು, ಶಂಭುಲಿಂಗಯ್ಯ. ಅಷ್ಟು ವರ್ಷದಲ್ಲಿ ಒಂದೂ ಸುಳ್ಳು ಸಹಿ ಹಾಕಿದವನಲ್ಲ. ನಿವೃತ್ತನಾದ ಮೇಲೆ ಹಾಕಿದೆ. ಹಾಕಿದ್ದಷ್ಟೇ ಅಲ್ಲ, ಆ ಸುಳ್ಳನ್ನು ದುಂಡಗಿನ ಅಕ್ಷರದಲ್ಲಿ ಬರೆದವನೂ ನಾನೇ. ಎಲ್ಲಾ ನಮ್ಮ ಬೀದಿಯ ಪುಟ್ಟಗೌರಮ್ಮನ ಸಲುವಾಗಿ.

ಪುಟ್ಟಗೌರಮ್ಮನಿಗೆ ಎಳವೆಯಲ್ಲೇ ಪೋಲಿಯೋ ಬಂದು ಬಲಗಾಲು ಸೊರಗಿತು. ನಡೆಯಲು ಕೋಲು ಬೇಕು. ಆದರೆ ಗೋಣಿಚೀಲ ಹಾಸಿಕೊಂಡು ಕುಳಿತಳೆಂದರೆ ಅವಳ ಸಮಕ್ಕೆ ಯಾರೂ ಇಲ್ಲ. ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯಿ ಸುಲಿದು ಮುಂದಿಟ್ಟರೆ, ಸಣ್ಣ ಮಚ್ಚಿನಿಂದ ತಟ್ಟಿ ತಟ್ಟಿ ಚಿಪ್ಪು ಬಿಡಿಸುತ್ತಾಳೆ. ಒಳಗಿನ ಕೊಬ್ಬರಿ ಉಂಡೆಗೆ ಒಂದು ಗೀರೂ ಬೀಳುವುದಿಲ್ಲ.

ಅವಳಿಗೆ ಮದುವೆಯಾಗಲಿಲ್ಲ. ತಮ್ಮನ ಹೆಂಡತಿ ಹೆರಿಗೆಯಲ್ಲೇ ತೀರಿಕೊಂಡಾಗ ಕೂಸನ್ನು ಇವಳೇ ಮಡಿಲಿಗೆ ಹಾಕಿಕೊಂಡಳು. ತಮ್ಮ ಇನ್ನೊಂದು ಮದುವೆಯಾಗಿ ದೂರ ಹೋದ. ಕೂಸು ಸ್ಪಂದನ ಇವಳ ಬಳಿಯೇ ಉಳಿಯಿತು. ಅದನ್ನು ಸಾಕಿದ್ದು ಆ ಮಚ್ಚು, ಜೊತೆಗೆ ತಿಂಗಳಿಗೊಮ್ಮೆ ನಾನು ತಂದುಕೊಡುತ್ತಿದ್ದ ಅಂಗವಿಕಲರ ಪಿಂಚಣಿ. ಮನಿಯಾರ್ಡರ್ ಕೈಗಿಟ್ಟರೆ ಕಣ್ಣಿಗೊತ್ತಿಕೊಂಡು, "ಕೊಟ್ಟೋರ ಹೊಟ್ಟೆ ತಣ್ಣಗಿರ್ಲಿ" ಅನ್ನುತ್ತಿದ್ದಳು.

"ಕೊಟ್ಟೋರು ಸರ್ಕಾರದೋರು ಕಣಮ್ಮ, ಅವರ ಹೊಟ್ಟೆ ಯಾವಾಗ್ಲೂ ತಣ್ಣಗೇ ಇರ್ತದೆ" ಎಂದು ನಾನು ರೇಗಿಸುತ್ತಿದ್ದೆ. ಅವಳು ನಗುತ್ತಿರಲಿಲ್ಲ. ಆ ವಿಷಯದಲ್ಲಿ ಅವಳಿಗೆ ತಮಾಷೆ ಹಿಡಿಸುವುದಿಲ್ಲ.

ಸ್ಪಂದನ ನರ್ಸ್ ಆದಳು, ಮದುವೆಯಾದಳು, ಗಂಡನ ಜೊತೆ ಮಸ್ಕತ್ ಸೇರಿದಳು. ಹೋದ ವರ್ಷ ಬಸುರಿಯಾದಾಗ ಬಿಪಿ ಏರಿ, ವಿಮಾನ ಹತ್ತಕೂಡದೆಂದು ಅಲ್ಲಿನ ಡಾಕ್ಟರು ಹೇಳಿಬಿಟ್ಟರು. ಬಾಣಂತನ ತವರಿನಲ್ಲಿ ಆಗಬೇಕಲ್ಲ? ಫೋನಿನಲ್ಲಿ ಹುಡುಗಿ ಅತ್ತಳು. "ಅತ್ತೆ, ನಂಗೆ ತವರು ಅಂದ್ರೆ ನೀನೇ. ನಾನು ಬರಕ್ಕಾಗಲ್ಲ, ನೀನೇ ಬಾ."

ಹೀಗೆ ಊರು ಬಿಟ್ಟರೆ ತಿಪಟೂರು ಮಾತ್ರ ಕಂಡಿದ್ದ ಪುಟ್ಟಗೌರಮ್ಮನಿಗೆ ಪಾಸ್‌ಪೋರ್ಟ್ ಬಂತು. ಮೂರು ತಿಂಗಳ ಮಟ್ಟಿಗೆ ಹೋಗುವುದೆಂದಾಯಿತು. ಬಾಣಂತಿಗೆಂದು ಒಂದು ಡಬ್ಬದ ತುಂಬ ಅಂಟಿನುಂಡೆ ಕಟ್ಟಿದಳು. ಆಮೇಲೆ ನಮ್ಮೆಲ್ಲರ ಮುಂದೆ, "ಪಿಂಚಣಿ ಆಫೀಸ್‌ನೋರಿಗೊಂದು ಮಾತು ಹೇಳ್ಬೇಕು" ಎಂದಳು.

ಪಕ್ಕದ ಮನೆಯ ಕೆಂಚಮ್ಮ ಬೆಚ್ಚಿಬಿದ್ದಳು. "ಏನ್ ಹೇಳೋದು? ಫಾರಿನ್‌ಗೆ ಹೋಗ್ತೀನಿ ಅಂದ್ರೆ ಇವಳಿಗ್ಯಾಕೆ ಪಿಂಚಣಿ ಅಂತ ಹೆಸರು ಹೊಡೆದಾಕ್ತಾರೆ. ಬಾಯ್ ಮುಚ್ಕೊಂಡು ಹೋಗ್ಬಾ."

ನಾನೂ ಹೌದೌದು ಎಂದೆ. ಪುಟ್ಟಗೌರಮ್ಮ, "ಆಯ್ತು ಬುಡಿ" ಎಂದಳು. ಅಲ್ಲಿಗೆ ಮಾತು ಮುಗಿಯಿತೆಂದು ನಾವು ತಿಳಿದೆವು.

ಅವಳು ಹೋಗಿ ಒಂದೂವರೆ ತಿಂಗಳಾಗಿರಬೇಕು. ಪಿಂಚಣಿ ಪಡೆಯುವವರು ಊರಿನಲ್ಲಿದ್ದಾರೋ ಇಲ್ಲವೋ ಎಂದು ನೋಡಲು ಗ್ರಾಮ ಆಡಳಿತಾಧಿಕಾರಿ ಬಂದರು. ವರ್ಷಿಣಿ ಎಂಬ ಹುಡುಗಿ, ಹೊಸದಾಗಿ ನಮ್ಮ ಕಡೆಗೆ ಬಂದವರು.

"ಇಲ್ಲೇ ಅವ್ಳೆ ಕಣವ್ವ. ಈಗ್ತಾನೆ ತೋಟದ ಕಡೆ ಹೋದ್ಲು" ಎಂದಳು ಕೆಂಚಮ್ಮ. ಬಾಗಿಲ ಬೀಗದ ಮೇಲೆ ಜೇಡ ಬಲೆ ಕಟ್ಟಿತ್ತು. ವರ್ಷಿಣಿ ಅದನ್ನು ನೋಡಿ, ಕೆಂಚಮ್ಮನನ್ನು ನೋಡಿ, "ಹಾಗಾದ್ರೆ ಅಕ್ಕಪಕ್ಕದವರು ಬರೆದುಕೊಡಿ" ಎಂದರು. ಐದು ಜನ ಮುಂದೆ ಬಂದೆವು. ಬರೆದದ್ದು ನಾನು. ಕೆಂಚಮ್ಮ ಹೆಬ್ಬೆಟ್ಟು ಒತ್ತಿದಳು.

ಪುಟ್ಟಗೌರಮ್ಮ ಹೇಳಿದ ದಿನಕ್ಕೆ ಸರಿಯಾಗಿ ವಾಪಸು ಬಂದಳು, ಮುಖ ತುಂಬ ನಗು ಹೊತ್ತುಕೊಂಡು. ಹೆಣ್ಣು ಮಗು. ಕಾಲು ಚಾಚಿ ಕುಳಿತು, ಅದರ ಮೇಲೆ ಕೂಸನ್ನು ಮಲಗಿಸಿ ಎಣ್ಣೆ ತಿಕ್ಕಿ ನೀರು ಹಾಕುವುದು ನಮ್ಮ ಪದ್ಧತಿ. "ಒಂದ್ ಕಾಲು ದಪ್ಪ, ಒಂದ್ ಕಾಲು ಸಣ್ಣ ನೋಡ್ರಿ, ನಡುವೆ ಹಳ್ಳದಂಗಿತ್ತು. ಕೂಸು ಒಂದ್ ದಿನಾನೂ ಜಾರ್ಲಿಲ್ಲ" ಎಂದು ಆ ಸಣ್ಣ ಕಾಲನ್ನು ಸವರಿಕೊಂಡಳು. ಆ ಕಾಲನ್ನು ಅವಳು ಹೊಗಳಿದ್ದು ನಾನು ಕೇಳಿದ್ದು ಅದೇ ಮೊದಲು.

ಮಾರನೆಯ ವಾರವೇ ನಾಡಕಚೇರಿಯಿಂದ ಕರೆ ಬಂತು. ಅವಳೂ ಬರಬೇಕು, ಬರೆದುಕೊಟ್ಟ ಐವರೂ ಬರಬೇಕು. ಅವಳ ಅನ್ನಕ್ಕೆ ನಾವೇ ಕಲ್ಲು ಹಾಕಿದೆವಲ್ಲ ಎಂದುಕೊಂಡೆ.

ವರ್ಷಿಣಿ ಮೇಜಿನ ಮೇಲೆ ಎರಡು ಕಾಗದ ಇಟ್ಟರು. ಒಂದು ನನ್ನದು. ಇನ್ನೊಂದು ಪುಟ್ಟಗೌರಮ್ಮನ ಅರ್ಜಿ: ಬಾಣಂತನಕ್ಕೆ ಮಸ್ಕತ್‌ಗೆ ಮೂರು ತಿಂಗಳು ಹೋಗುತ್ತಿದ್ದೇನೆ, ಅಷ್ಟು ದಿನ ಪಿಂಚಣಿ ನಿಲ್ಲಿಸಬೇಕಿದ್ದರೆ ನಿಲ್ಲಿಸಿ. ಹೋಗುವ ಮುನ್ನಾ ವಾರದ ತಾರೀಕು, ಕಚೇರಿಯ ಸೀಲು. ನಾವು ಬೇಡವೆಂದ ಮರುದಿನವೇ ಕೋಲೂರಿಕೊಂಡು ಬಸ್ಸು ಹತ್ತಿ, ಅರ್ಜಿ ಬರೆಯುವವನಿಂದ ಬರೆಸಿ ಕೊಟ್ಟು ಬಂದಿದ್ದಳು!

"ಹಿಂದಿನವರು ತಗೊಂಡಿದ್ದ ಅರ್ಜಿ. ನಂಗೆ ಆಮೇಲೆ ಸಿಕ್ತು" ಎಂದರು ವರ್ಷಿಣಿ. "ಯಾವುದು ನಿಜ, ಅಮ್ಮ?"

"ನಂದೇ ನಿಜ ಕಣವ್ವ. ನನ್ ತಮ್ಮನ ಮಗೀನ ಸಾಕಕ್ಕೆ ನಾನು ಯಾರ ಮುಂದೂ ಕೈ ಚಾಚದಂಗೆ ಮಾಡಿದ್ದು ಆ ದುಡ್ಡು. ಮನೆ ಹಿರೇರಿಗೆ ಹೋಗ್‌ಬತ್ತೀನಿ ಅಂತ ಹೇಳಿ ಹೊಸ್ಲು ದಾಟಲ್ವಾ? ಹಂಗೇ ಹೇಳ್ಹೋದೆ." ಆಮೇಲೆ ನಮ್ಮ ಕಡೆ ತಿರುಗಿ, "ಇವರು ಹೇಳಿದ್ದು ಸುಳ್ಳೇ. ತಪ್ಪೇ. ಆದ್ರೆ ಅವರಿಗೇನೂ ಮಾಡ್ಬೇಡ. ನಿಲ್ಲಿಸೋದಾದ್ರೆ ನಂದು ನಿಲ್ಸು."

ಕೆಂಚಮ್ಮ ಸೆರಗು ಬಾಯಿಗೆ ಹಿಡಿದಿದ್ದಳು.

"ಮೇಲಿನವರನ್ನ ಕೇಳಿದೀನಿ" ಎಂದರು ವರ್ಷಿಣಿ. "ನೀವು ತಿಳಿಸಿ ಹೋಗಿದೀರಿ, ಹೇಳಿದಂಗೆ ವಾಪಸೂ ಬಂದಿದೀರಿ. ಪಿಂಚಣಿ ಮುಂದುವರಿಯುತ್ತೆ. ಇವರ ಕಾಗದ ಒಂದೇ ಇದ್ದಿದ್ರೆ ನಿಮ್ಮ ಹೆಸರಿಗೇ ಸಂಚಕಾರ ಬರ್ತಿತ್ತು. ಶಂಭುಲಿಂಗಯ್ಯನೋರೇ, ಈಗ ನಿಜ ಬರೀರಿ."

ನಾನು ಬರೆದೆ. ಈ ಸಲ ಅಕ್ಷರ ಅಷ್ಟೇನೂ ದುಂಡಗಾಗಲಿಲ್ಲ. ಐವರೂ ಮತ್ತೆ ಸಹಿ, ಹೆಬ್ಬೆಟ್ಟು ಹಾಕಿದೆವು. ವರ್ಷಿಣಿ ಹಳೆಯ ಕಾಗದವನ್ನು ಹರಿಯಲು ಹೋದಾಗ ಪುಟ್ಟಗೌರಮ್ಮ ಕೈ ಚಾಚಿದಳು.

"ಹರೀಬ್ಯಾಡ ಕಣವ್ವ, ನಂಗೆ ಕೊಡು."

ಆಟೋದಲ್ಲಿ ಬರುವಾಗ ಅದನ್ನು ನನಗೆ ಕೊಟ್ಟು ಓದಿಸಿದಳು. ನಾಚಿಕೆಯಾದರೂ ಓದಿದೆ: "ಪುಟ್ಟಗೌರಮ್ಮನವರು ಎಲ್ಲಿಗೂ ಹೋಗಿರುವುದಿಲ್ಲ. ನಮ್ಮ ನಡುವೆಯೇ ಇರುತ್ತಾರೆ."

"ಇನ್ನೊಂದ್ಸಲ ಓದ್ರಿ" ಎಂದಳು. ಓದಿದೆ.

"ಅಲ್ಲಿ ಮಗೀಗೆ ನೀರು ಹುಯ್ಯುವಾಗ ದಿನಾ ಅಂದ್ಕೊಳ್ತಿದ್ದೆ, ಈ ಕುಂಟೀನ ಊರಲ್ಲಿ ಯಾರು ನೆನೀತಾರೋ ಅಂತ" ಎಂದು ಕಣ್ಣೊರೆಸಿಕೊಂಡಳು. ಕಾಗದವನ್ನು ಮಡಚಿ, ಅಂಗವಿಕಲರ ಕಾರ್ಡು ಇಟ್ಟುಕೊಳ್ಳುವ ಪ್ಲಾಸ್ಟಿಕ್ ಕವರಿನೊಳಗೆ ಸೇರಿಸಿದಳು. ಆಮೇಲೆ ಕೆಂಚಮ್ಮನ ಬೆನ್ನಿಗೊಂದು ಗುದ್ದಿದಳು. "ಇನ್ನೊಂದ್ಸಲ ಹಿಂಗ್ ಮಾಡೀಯೆ!"